ಬಕೆಟಿನಲ್ಲಿ ಉಳಿದಿದ್ದ ನೀರು

ಸೋಮವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಹಾಲು ತರಲೆಂದು ಎದ್ದವನು ನಡುಮನೆಯ ದೀಪ ಹಾಕಿದಾಗ, ನಾಲ್ಕು ಏಂಜಲ್ ಮೀನುಗಳಲ್ಲಿ ಮೂರು ಮಗ್ಗುಲಾಗಿ ತೇಲುತ್ತಿದ್ದವು, ನಾಲ್ಕನೆಯದು ಫಿಲ್ಟರ್ ನೀರೆಳೆಯುವ ಜಾಲರಿಗೆ ಅಂಟಿಕೊಂಡಿತ್ತು. ಒಂಬತ್ತು ಬ್ಲ್ಯಾಕ್ ಟೆಟ್ರಾಗಳಲ್ಲಿ ಆರು ಜಲ್ಲಿಯ ಮೇಲೆ ಬಿದ್ದಿದ್ದವು. ಉಳಿದ ಮೂರು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ, ಕಿವಿರಿನ ಮುಚ್ಚಳಗಳನ್ನು ಎಣಿಸಲಾಗದಷ್ಟು ವೇಗವಾಗಿ ಬಡಿಯುತ್ತಿದ್ದವು. ಅದು 2024ರ ಏಪ್ರಿಲ್. ಹಿಂದಿನ ದಿನ, ಅಂದರೆ ಭಾನುವಾರ ಮಧ್ಯಾಹ್ನ, ತಿಂಗಳುಗಳ ನಂತರ ತೊಟ್ಟಿಯ ನೀರನ್ನು ಬದಲಿಸಿ, ಗಾಜನ್ನು ಒಳಗೂ ಹೊರಗೂ ಒರೆಸಿ, ಮನೆಯವರನ್ನೆಲ್ಲ ಕರೆದು ‘ಈಗ ನೋಡಿ, ಹೇಗೆ ಫಳಫಳ ಅನ್ನುತ್ತಿದೆ’ ಎಂದು ತೋರಿಸಿದ್ದೆ.

ತೊಟ್ಟಿ ದೊಡ್ಡದೇನಲ್ಲ. ಮೂರಡಿ ಉದ್ದ, ಒಂದಡಿ ಅಗಲ, ಹದಿನೈದು ಅಂಗುಲ ಎತ್ತರ. ಲೆಕ್ಕದ ಪ್ರಕಾರ 106 ಲೀಟರ್ ಆದರೂ ಜಲ್ಲಿ, ಮರದ ಬೇರು ಮತ್ತು ಮೇಲೆ ಬಿಟ್ಟ ಜಾಗವನ್ನು ಕಳೆದರೆ ನಿಜವಾಗಿ ಹಿಡಿಯುವುದು ಸುಮಾರು 85 ಲೀಟರ್. ಅದರಲ್ಲಿ ನಾಲ್ಕು ಏಂಜಲ್, ಒಂಬತ್ತು ಟೆಟ್ರಾ, ಎರಡು ಗೌರಾಮಿ, ತಳದಲ್ಲಿ ಓಡಾಡುವ ಐದು ಕೋರಿಡೊರಸ್, ಒಟ್ಟು ಇಪ್ಪತ್ತು ಮೀನು. ಇಷ್ಟು ನೀರಿಗೆ ಇಪ್ಪತ್ತು ಮೀನು ಹೆಚ್ಚಾಯಿತೆಂದು ನನಗೆ ಆಗಲೂ ಗೊತ್ತಿತ್ತು. ಎಲ್ಲವೂ ಚೆನ್ನಾಗಿಯೇ ತಿಂದುಕೊಂಡು ಓಡಾಡುತ್ತಿದ್ದುದರಿಂದ ಗೊತ್ತಿದ್ದುದನ್ನು ಮರೆಯುವುದು ಸುಲಭವಾಗಿತ್ತು.

ಮೀನು ಸತ್ತಾಗ ಮೊದಲು ಹುಡುಕುವುದು ಕಾರಣವನ್ನಲ್ಲ, ಕಾರಣರಾದವರನ್ನು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ತೊಟ್ಟಿಯ ಪಕ್ಕದ ಪ್ಲಗ್ಗಿನಲ್ಲಿ ಸಿಕ್ಕಿಸಿದ್ದ ಸೊಳ್ಳೆ ಓಡಿಸುವ ದ್ರಾವಣದ ಯಂತ್ರ. ಊರಿನಿಂದ ಶುಕ್ರವಾರ ಬಂದಿದ್ದ ಅಮ್ಮ ನಡುಮನೆಯ ದಿವಾನದ ಮೇಲೆ ಮಲಗುತ್ತಿದ್ದಳು, ರಾತ್ರಿ ಅದನ್ನು ಹಾಕಿಕೊಳ್ಳುತ್ತಿದ್ದಳು. ಅನುಮಾನಕ್ಕೆ ಆಧಾರವೇ ಇರಲಿಲ್ಲವೆಂದಲ್ಲ. ಈ ದ್ರಾವಣಗಳಲ್ಲಿ ಇರುವುದು ಪೈರಿಥ್ರಾಯ್ಡ್ ಗುಂಪಿನ ರಾಸಾಯನಿಕಗಳು. ಮನುಷ್ಯರ ದೇಹ ಅವನ್ನು ಬೇಗ ಒಡೆದು ಹೊರಹಾಕುತ್ತದೆ, ಮೀನಿಗೆ ಆ ಶಕ್ತಿ ತೀರಾ ಕಡಿಮೆ, ಆದ್ದರಿಂದ ಅದಕ್ಕೆ ಅವು ಉಗ್ರ ವಿಷ. ತೊಟ್ಟಿಗೆ ಗಾಳಿ ಊದುವ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿನೊಳಗೆ ಗುಳ್ಳೆಯಾಗಿ ಬಿಡುತ್ತದೆ ಎಂಬುದನ್ನು ನೆನೆದರೆ, ಮುಚ್ಚಿದ ಕೋಣೆಯಲ್ಲಿ ಕೀಟನಾಶಕ ಸಿಂಪಡಿಸಿ ತೊಟ್ಟಿಯನ್ನು ಮುಚ್ಚದೆ ಬಿಟ್ಟವರ ಮೀನುಗಳು ಯಾಕೆ ಸಾಯುತ್ತವೆಂದು ತಿಳಿಯುತ್ತದೆ. ಇದೆಲ್ಲ ನಿಜ. ಆದರೆ ಇದನ್ನು ಅಮ್ಮನಿಗೆ ಹೇಳುವಾಗ ನಾನು ಬಳಸಿದ ಧ್ವನಿ ರಸಾಯನಶಾಸ್ತ್ರ ಕಲಿಸುವವನದಾಗಿರಲಿಲ್ಲ. ಅವಳು ಏನೂ ಅನ್ನದೆ ಯಂತ್ರವನ್ನು ಕಿತ್ತು ಅಡುಗೆಮನೆಯ ಗೂಡಿನಲ್ಲಿ ಇಟ್ಟಳು.

ಕೋಪ ಇಳಿದ ಮೇಲೆ ನನ್ನ ವಾದದಲ್ಲಿ ಒಂದು ತೂತು ಕಾಣಿಸಿತು. ಆ ಯಂತ್ರ ಶುಕ್ರವಾರದ ರಾತ್ರಿಯೂ ಉರಿದಿತ್ತು, ಶನಿವಾರದ ರಾತ್ರಿಯೂ ಉರಿದಿತ್ತು. ಮೀನು ಏದುಸಿರು ಬಿಡಲು ತೊಡಗಿದ್ದು ಭಾನುವಾರ ಸಂಜೆ ಏಳರ ಹೊತ್ತಿಗೆ, ಅದನ್ನು ಹಾಕುವ ಮೊದಲೇ. ಆ ಸಂಜೆ ಅವು ಮೇಲೆ ಬಂದು ಬಾಯಿ ಆಡಿಸುತ್ತಿದ್ದುದನ್ನು ನಾನು ಕಂಡಿದ್ದೆ, ಹೊಸ ನೀರಿನ ಉತ್ಸಾಹವೆಂದುಕೊಂಡಿದ್ದೆ.

ಮೀನಿನ ಸಾವಿನಲ್ಲಿ ಹೊತ್ತು ಬಹಳ ಮುಖ್ಯವಾದ ಸಾಕ್ಷಿ. ನೀರು ಹಾಕಿದ ಕೆಲವೇ ನಿಮಿಷಗಳಲ್ಲಿ ಮೀನು ದಿಕ್ಕೆಟ್ಟು ಚಿಮ್ಮಿ ಗಾಜಿಗೆ ಡಿಕ್ಕಿ ಹೊಡೆಯುತ್ತಿದ್ದರೆ ಕ್ಲೋರಿನ್ ಅಥವಾ ನೇರ ವಿಷವನ್ನು ಅನುಮಾನಿಸಬೇಕು. ನಸುಕಿನಲ್ಲಿ, ಅದರಲ್ಲೂ ದೊಡ್ಡ ಮೀನುಗಳೇ ಮೊದಲು ಸತ್ತಿದ್ದರೆ ಆಮ್ಲಜನಕದ ಕೊರತೆಯನ್ನು ನೋಡಬೇಕು, ಏಕೆಂದರೆ ರಾತ್ರಿಯಿಡೀ ಗಿಡ, ಮೀನು, ಬ್ಯಾಕ್ಟೀರಿಯಾ ಎಲ್ಲವೂ ಉಸಿರಾಡಿ ಬೆಳಕು ಹರಿಯುವ ಮುನ್ನದ ಹೊತ್ತಿಗೆ ನೀರಿನ ಆಮ್ಲಜನಕ ತೀರಾ ಕೆಳಗೆ ಇಳಿದಿರುತ್ತದೆ. ದಿನಕ್ಕೊಂದರಂತೆ, ಮೈಮೇಲೆ ಚುಕ್ಕೆಯೋ ಹುಣ್ಣೋ ಕಾಣಿಸಿಕೊಂಡು ಸಾಯುತ್ತಿದ್ದರೆ ಮಾತ್ರ ರೋಗದ ಮಾತು. ನಮ್ಮಲ್ಲಿ ಏನಾದರೂ ಆದ ತಕ್ಷಣ ಅಂಗಡಿಯಿಂದ ನೀಲಿ ಬಣ್ಣದ ಔಷಧಿ ತಂದು ಸುರಿಯುವ ರೂಢಿ ಇದೆ. ಒಂದೇ ರಾತ್ರಿಯಲ್ಲಿ ಹತ್ತು ಮೀನು ಕೊಲ್ಲುವ ಸೋಂಕು ಅಪರೂಪ, ಆ ಔಷಧಿ ಹಾಕಿ ಇರುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಂದುಕೊಳ್ಳುವುದು ಸಾಮಾನ್ಯ.

ನನ್ನ ಎರಡನೆಯ ಅನುಮಾನ ಆಮ್ಲಜನಕದ ಮೇಲೆ ಹೋಯಿತು, ಅದಕ್ಕೊಂದು ಚಂದದ ಪುರಾವೆಯೂ ಇತ್ತು. ಬದುಕಿ ಉಳಿದಿದ್ದವು ಯಾವುವು ಎಂದು ನೋಡಿದರೆ, ಎರಡು ಗೌರಾಮಿ ಮತ್ತು ಐದು ಕೋರಿಡೊರಸ್. ಗೌರಾಮಿಗೆ ತಲೆಯೊಳಗೆ ಗಾಳಿಯನ್ನು ನೇರವಾಗಿ ಹೀರಿಕೊಳ್ಳುವ ಒಂದು ಅಂಗವಿದೆ. ಕೋರಿಡೊರಸ್ ಮೇಲಕ್ಕೆ ಚಿಮ್ಮಿ ಬಂದು ಗಾಳಿ ನುಂಗಿ, ಕರುಳಿನ ಮೂಲಕ ಅದರ ಆಮ್ಲಜನಕವನ್ನು ಪಡೆಯಬಲ್ಲದು. ಎರಡೂ ನೀರನ್ನಷ್ಟೇ ನಂಬಿಕೊಂಡಿಲ್ಲದ ಜಾತಿಗಳು. ಅದಕ್ಕೆ ತಕ್ಕಂತೆ ಆ ವರ್ಷದ ಬೇಸಿಗೆಯೂ ಕಡು. ತೊಟ್ಟಿಯ ನೀರು 28 ಡಿಗ್ರಿ ತೋರಿಸುತ್ತಿತ್ತು. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆ ಮಾತ್ರ. 900 ಮೀಟರ್ ಎತ್ತರದಲ್ಲಿ ಕೂತ ಬೆಂಗಳೂರಿನಲ್ಲಿ ಅದರಲ್ಲೂ ಹತ್ತನೆಯ ಒಂದು ಪಾಲು ಕಡಿಮೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯ ದಡದುದ್ದಕ್ಕೂ ಸತ್ತ ಮೀನು ಬೆಳ್ಳಗೆ ಹಾಸಿಕೊಂಡಿದ್ದ ಚಿತ್ರಗಳು ಕಣ್ಣ ಮುಂದೆ ಬಂದವು; ಕೊಳಚೆ ಸೇರಿ ಆಮ್ಲಜನಕ ಕುಸಿದದ್ದೇ ಅಲ್ಲಿನ ಕಾರಣವೆಂದು ಆಗ ಎಲ್ಲರೂ ಓದಿದ್ದೆವು. ಕೆರೆಗೆ ಆದದ್ದು ನನ್ನ ತೊಟ್ಟಿಗೂ ಆಗಿರಬೇಕೆಂದುಕೊಂಡು ಇನ್ನೊಂದು ಗಾಳಿ ಪಂಪು ತಂದು ಹಾಕಿದೆ. ತೊಟ್ಟಿ ಸಾರಿನ ಪಾತ್ರೆಯಂತೆ ಕುದಿಯುತ್ತಿರುವಾಗಲೇ, ಮಧ್ಯಾಹ್ನದೊಳಗೆ, ಉಳಿದ ಮೂರು ಟೆಟ್ರಾಗಳೂ ಸತ್ತವು. ಸಂಜೆ ಎರಡು ಕೋರಿಡೊರಸ್ ಬೆನ್ನು ಕೆಳಗಾಗಿ ಬಿದ್ದವು. ಗಾಳಿ ಸಾಲದೆ ಸಾಯುತ್ತಿದ್ದ ಮೀನು ಗಾಳಿ ಕೊಟ್ಟ ಮೇಲೆ ಸುಧಾರಿಸಬೇಕಿತ್ತು.

ಕ್ಲೋರಿನ್ ವಿಚಾರ ಬೇಗ ಮುಗಿಯಿತು. ಭಾನುವಾರ ನಮ್ಮ ಸಂಪಿನಲ್ಲಿ ಇದ್ದದ್ದು ಟ್ಯಾಂಕರಿನ ಬೋರ್‌ವೆಲ್ ನೀರು. ಬ್ಲೀಚಿಂಗ್ ಪೌಡರ್ ಏನಾದರೂ ಹಾಕಿದ್ದರೇ ಎಂದು ವಾಚ್‌ಮನ್ನನನ್ನು ಕೇಳಿದರೆ, ‘ಇಲ್ಲ ಸಾರ್, ಸಂಪು ತೊಳ್ದಾಗ ಹಾಕಿದ್ದಷ್ಟೇ, ಅದಾಗಿ ತಿಂಗಳಾಯ್ತು’ ಎಂದ. ಅಲ್ಲದೆ ನಾನು ಆ್ಯಂಟಿ-ಕ್ಲೋರಿನ್ ಹನಿಗಳನ್ನು ಹಾಕಿದ್ದೆ. ಅದರಲ್ಲಿರುವ ಸೋಡಿಯಂ ಥಯೋಸಲ್ಫೇಟ್, ಹಿಂದೆ ಫೋಟೊ ಸ್ಟುಡಿಯೋಗಳಲ್ಲಿ ಫಿಲ್ಮ್ ತೊಳೆಯುತ್ತಿದ್ದ ಹೈಪೋವೇ, ಕ್ಲೋರಿನ್ನನ್ನು ಕ್ಷಣದಲ್ಲಿ ನಿಷ್ಕ್ರಿಯಗೊಳಿಸುತ್ತದೆ.

ಆ ರಾತ್ರಿ ಇಪ್ಪತ್ತು ವರ್ಷಗಳಿಂದ ಮೀನು ಸಾಕುತ್ತಿರುವ ಗೆಳೆಯನೊಬ್ಬನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವನು ಸತ್ತ ಮೀನಿನ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ‘ಮೊದಲು ಬದುಕಿರೋವನ್ನ ಆ ತೊಟ್ಟಿಯಿಂದ ಹೊರಗೆ ತೆಗಿ. ಆಮೇಲೆ ಹೇಳು, ತೆಗೆದ ಹಳೇ ನೀರನ್ನ ಏನ್ ಮಾಡ್ದೆ? ಚೆಲ್ಬಿಟ್ಯಾ?’ ಎಂದ.

ಚೆಲ್ಲಿರಲಿಲ್ಲ. ಆ ಬೇಸಿಗೆಯಲ್ಲಿ ಯಾರೂ ಯಾವ ನೀರನ್ನೂ ಚೆಲ್ಲುತ್ತಿರಲಿಲ್ಲ. ತೊಟ್ಟಿಯಿಂದ ತೆಗೆದ ಸುಮಾರು ಐವತ್ತು ಲೀಟರಿನಲ್ಲಿ ಒಂದಷ್ಟನ್ನು ಬಾಲ್ಕನಿಯ ಕರಿಬೇವಿಗೂ ತುಳಸಿಗೂ ಹಾಕಿದ್ದೆ. ದಾಸವಾಳದ ಪಾಲಿನದೊಂದು ಬಕೆಟ್, ಮೇಲೆ ಹಳೆಯ ತಟ್ಟೆ ಮುಚ್ಚಿಕೊಂಡು, ಹಾಗೆಯೇ ನಿಂತಿತ್ತು.

ಬದುಕಿದ್ದ ಐದು ಮೀನುಗಳನ್ನು, ಕುಡಿಯುವ ನೀರಿನ ಕ್ಯಾನಿನದನ್ನೂ ಟ್ಯಾಂಕರಿನದನ್ನೂ ಅರ್ಧರ್ಧ ಬೆರೆಸಿದ ನೀರಿನ ಪ್ಲಾಸ್ಟಿಕ್ ಟಬ್ಬಿಗೆ ಬಿಟ್ಟು, ಮಾರನೆಯ ದಿನ, ಮೀನೇ ಹೊರಹಾಕಿ ಕೂಡಿದರೆ ಮೀನಿಗೇ ವಿಷವಾಗುವ ಅಮೋನಿಯಾದ ಪರೀಕ್ಷೆಗೆ ಒಂದು ಕಿಟ್ ತರಿಸಿದೆ. ಬೆರಳುದ್ದದ ಗಾಜಿನ ನಳಿಕೆಯಲ್ಲಿ ಐದು ಮಿಲಿಲೀಟರ್ ನೀರು ತೆಗೆದುಕೊಂಡು, ಮೊದಲ ಸೀಸೆಯಿಂದ ಎಂಟು ಹನಿ, ಎರಡನೆಯದರಿಂದ ಎಂಟು ಹನಿ ಬಿಟ್ಟು, ಮುಚ್ಚಳ ಹಾಕಿ ಕುಲುಕಿ ಐದು ನಿಮಿಷ ಇಡಬೇಕು. ಅಮೋನಿಯಾ ಇಲ್ಲದಿದ್ದರೆ ನೀರು ನಿಂಬೆಹಣ್ಣಿನ ಹಳದಿಯಲ್ಲೇ ನಿಲ್ಲುತ್ತದೆ. ಬಕೆಟಿನ ನೀರು ಐದು ನಿಮಿಷ ಕಾಯಲಿಲ್ಲ. ಎರಡನೆಯ ಸೀಸೆಯ ಹನಿಗಳು ಕರಗುತ್ತಿದ್ದಂತೆಯೇ ಹಸಿರಾಗಿ, ಕೊನೆಗೆ ಬಾಳೆಲೆಯ ಬೆನ್ನಿನ ಹಸಿರನ್ನೂ ದಾಟಿ ಕಪ್ಪುಹಸಿರಿಗೆ ತಿರುಗಿತು. ಬಣ್ಣದ ಪಟ್ಟಿಯ ಕಟ್ಟಕಡೆಯ ಚೌಕ ಅದು, ಲೀಟರಿಗೆ 8 ಮಿಲಿಗ್ರಾಂ. ತೊಟ್ಟಿಯಲ್ಲಿ ಉಳಿದಿದ್ದ ನೀರು 4ಕ್ಕಿಂತ ತುಸು ಕಡಿಮೆ ತೋರಿಸಿತು. ಅಂದರೆ ನೀರು ಬದಲಿಸಿದ್ದರಿಂದ ಅಮೋನಿಯಾ ಅರ್ಧಕ್ಕೂ ಕೆಳಗೆ ಇಳಿದಿತ್ತು. ಎಂಟು ಇದ್ದಾಗ ಉಣ್ಣುತ್ತ ಆಡುತ್ತಿದ್ದ ಮೀನು, ನಾಲ್ಕಕ್ಕೂ ಕಡಿಮೆಯಾದಾಗ ಸತ್ತಿದ್ದವು. ಆ ಎರಡು ನಳಿಕೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನಾನು ಎಷ್ಟು ಹೊತ್ತು ನಿಂತಿದ್ದೆನೋ, ಅರ್ಥವಾಗಲಿಲ್ಲ.

ಅರ್ಥ ಮಾಡಿಸಿದ್ದು ಇನ್ನೊಂದು ಸೀಸೆ. ನೀರಿನ ಹುಳಿಯನ್ನು ಅಳೆಯುವ ಪಿಎಚ್ ಪರೀಕ್ಷೆಯಲ್ಲಿ (7ಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ) ಬಕೆಟಿನ ನೀರು ಪಟ್ಟಿಯ ಅತಿ ಕೆಳಗಿನ ಬಣ್ಣವನ್ನು ತೋರಿಸಿತು, 6. ನಿಜವಾಗಿ ಇನ್ನೂ ಕೆಳಗಿದ್ದರೂ ಆಶ್ಚರ್ಯವಿಲ್ಲ. ತೊಟ್ಟಿಯ ನೀರು 8 ದಾಟಿ 8.2ರ ಸುಮಾರಿಗೆ ಇತ್ತು.

ನೀರಿನಲ್ಲಿ ಅಮೋನಿಯಾ ಎರಡು ವೇಷಗಳಲ್ಲಿ ಇರುತ್ತದೆ. ಒಂದು, ಹೈಡ್ರೋಜನ್ ಅಯಾನೊಂದನ್ನು ಹೊತ್ತು ಅಮೋನಿಯಂ ಆಗಿರುವುದು. ಇದು ಕಿವಿರಿನ ಪೊರೆಯನ್ನು ಸುಲಭವಾಗಿ ದಾಟಲಾರದು. ಇನ್ನೊಂದು, ಯಾವ ವಿದ್ಯುದಂಶವೂ ಇಲ್ಲದ ಬರಿಯ ಅಮೋನಿಯಾ. ಅದು ಪೊರೆಯನ್ನು ಸಲೀಸಾಗಿ ದಾಟಿ ರಕ್ತಕ್ಕೆ ಸೇರಿ, ಕಿವಿರನ್ನು ಸುಟ್ಟು, ನರಗಳನ್ನು ಕೆಡಿಸುತ್ತದೆ. ಕಿಟ್ ಅಳೆಯುವುದು ಇವೆರಡರ ಮೊತ್ತವನ್ನು. ಯಾವುದು ಎಷ್ಟೆಂದು ನಿರ್ಧರಿಸುವುದು ಮುಖ್ಯವಾಗಿ ಪಿಎಚ್. 25 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ, ಕೇವಲ 0.6ರಷ್ಟು, ವಿಷದ ವೇಷದಲ್ಲಿರುತ್ತದೆ, 8ಕ್ಕೆ ಏರಿದರೆ 5ಕ್ಕಿಂತ ಹೆಚ್ಚು, 8.5ಕ್ಕೆ 15. ನೀರು ಬೆಚ್ಚಗಾದಷ್ಟೂ ಇದು ಇನ್ನೂ ಮೇಲೆ. ನನ್ನ ತೊಟ್ಟಿಯ 28 ಡಿಗ್ರಿಗೆ ಲೆಕ್ಕ ಹಾಕಿದರೆ, ಹಳೆಯ ನೀರಿನ 8 ಮಿಲಿಗ್ರಾಂನಲ್ಲಿ ನಿಜವಾದ ವಿಷ ಒಂದು ಮಿಲಿಗ್ರಾಂನ ಇನ್ನೂರರಲ್ಲಿ ಒಂದು ಭಾಗದಷ್ಟು ಇತ್ತು. ಹೊಸ ನೀರು ಸೇರಿದ ಮೇಲೆ ಒಟ್ಟು ಅಮೋನಿಯಾ ಮೂರು ಚಿಲ್ಲರೆಗೆ ಇಳಿದರೂ ಅದರ ಹತ್ತನೆಯ ಒಂದು ಪಾಲು, ಅಂದರೆ ಲೀಟರಿಗೆ 0.3 ಮಿಲಿಗ್ರಾಂ, ವಿಷವಾಗಿ ಎದ್ದು ನಿಂತಿತು. ಐವತ್ತು ಪಟ್ಟಿಗಿಂತ ಹೆಚ್ಚು. 0.05 ದಾಟಿದರೇ ಕಿವಿರಿಗೆ ಹಾನಿ ತೊಡಗುತ್ತದೆಂದು ಮೀನು ಸಾಕುವವರು ಲೆಕ್ಕ ಇಟ್ಟುಕೊಳ್ಳುತ್ತಾರೆ. ಬೋರ್‌ವೆಲ್ ನೀರು ಭೂಮಿಯಿಂದ ಬರುವಾಗ ಇಂಗಾಲದ ಡೈಆಕ್ಸೈಡನ್ನು ತುಂಬಿಕೊಂಡು ಬಂದಿರುತ್ತದೆ. ತೊಟ್ಟಿಯಲ್ಲಿ ಫಿಲ್ಟರು ಕಲಕಿದಂತೆಲ್ಲ ಆ ಅನಿಲ ಹೊರಗೆ ಹೋಗಿ ಪಿಎಚ್ ಗಂಟೆಗಟ್ಟಲೆ ಏರುತ್ತಲೇ ಇರುತ್ತದೆ. ಮಧ್ಯಾಹ್ನ ಬದಲಿಸಿದ ನೀರು ಮೀನಿಗೆ ಸಂಜೆ ಮುಟ್ಟಿದ್ದಕ್ಕೂ, ನಾನು ಗಾಳಿ ಹೆಚ್ಚು ಊದಿದಷ್ಟೂ ಅವು ಬೇಗ ಸತ್ತದ್ದಕ್ಕೂ ಇದೇ ವಿವರಣೆಯೆಂದು ನನ್ನ ನಂಬಿಕೆ. ಗಾಳಿ ನುಂಗಬಲ್ಲ ಮೀನುಗಳು ಕಿವಿರು ಸುಟ್ಟರೂ ಇನ್ನೊಂದಷ್ಟು ಹೊತ್ತು ತಡೆದುಕೊಂಡವು. ನಾನು ಅದನ್ನು ಆಮ್ಲಜನಕದ ಕಥೆಯೆಂದು ಓದಿದೆ.

ಕೊಂದದ್ದು ಹೊಸ ನೀರು ಎಂದು ಇಷ್ಟಕ್ಕೇ ನಿಲ್ಲಿಸಿ ಟ್ಯಾಂಕರಿನವನನ್ನು ಬೈಯಬಹುದಿತ್ತು. ಆದರೆ ಅದೇ ಟ್ಯಾಂಕರಿನ ನೀರನ್ನು ಎದುರು ಮನೆಯವರ ಮೀನುಗಳೂ ಕುಡಿದು ಸುಖವಾಗಿದ್ದವು. ನಿಜವಾದ ಪ್ರಶ್ನೆ, ನನ್ನ ತೊಟ್ಟಿಯಲ್ಲಿ ಎಂಟು ಮಿಲಿಗ್ರಾಂ ಅಮೋನಿಯಾ ಎಲ್ಲಿಂದ ಬಂತು ಎಂಬುದು.

ಮೀನು ಕಿವಿರಿನ ಮೂಲಕ ಅಮೋನಿಯಾವನ್ನು ಸದಾ ಹೊರಹಾಕುತ್ತಿರುತ್ತದೆ. ಫಿಲ್ಟರಿನ ಸ್ಪಂಜು, ಜಲ್ಲಿ, ಮರದ ಮೇಲೆ ನೆಲೆಸಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಈ ಎರಡನೆಯ ಕೆಲಸ ನೈಟ್ರೋಬ್ಯಾಕ್ಟರಿನದೆಂದು ಬಹುಕಾಲ ನಂಬಲಾಗಿತ್ತು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಅದನ್ನು ಮಾಡುವುದು ನೈಟ್ರೋಸ್ಪೈರಾ ಎಂದು ಟಿಮೊಥಿ ಹೊವಾನೆಕ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿಕೊಟ್ಟರು. ಯಾರೇ ಮಾಡಲಿ, ಆ ಕೆಲಸಕ್ಕೆ ನೀರು ಬೆಲೆ ತೆರಬೇಕು: ಅಮೋನಿಯಾದ ರೂಪದಲ್ಲಿರುವ ಪ್ರತಿ ಮಿಲಿಗ್ರಾಂ ಸಾರಜನಕ ನೈಟ್ರೇಟ್ ಆಗುವಾಗ ನೀರಿನ ಕ್ಷಾರೀಯತೆ, ಅಂದರೆ ಹುಳಿಯನ್ನು ತಡೆಯುವ ಅದರ ಶಕ್ತಿ, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ 7 ಮಿಲಿಗ್ರಾಂಗಿಂತ ಹೆಚ್ಚು ಖರ್ಚಾಗುತ್ತದೆ. ಹೊಸ ನೀರು ವಾರವಾರವೂ ಬರುತ್ತಿದ್ದರೆ ಅದರೊಂದಿಗೆ ಕಾರ್ಬೊನೇಟುಗಳೂ ಬಂದು ಖರ್ಚಾದುದನ್ನು ತುಂಬಿಕೊಡುತ್ತವೆ. ಬಾರದಿದ್ದರೆ ನೀರು ದಿನದಿನಕ್ಕೂ ಹುಳಿಯಾಗುತ್ತ ಹೋಗಿ, ಪಿಎಚ್ 6ರ ಹತ್ತಿರಕ್ಕೆ ಇಳಿದಾಗ ಆ ಬ್ಯಾಕ್ಟೀರಿಯಾಗಳ ಕೆಲಸವೇ ತೀರಾ ಮಂದವಾಗುತ್ತದೆ. ಆಮೇಲೆ ಅಮೋನಿಯಾ ಕೂಡುತ್ತ ಹೋಗುತ್ತದೆ, ಹುಳಿ ನೀರಿನಲ್ಲಿ ನಿರುಪದ್ರವಿ ವೇಷದಲ್ಲಿ.

ನನ್ನ ತೊಟ್ಟಿಗೆ ಡಿಸೆಂಬರ್ ಕೊನೆಯಿಂದ ಹೊಸ ನೀರು ಬಂದಿರಲಿಲ್ಲ. ಆ ವರ್ಷ ಬೆಂಗಳೂರಿನಲ್ಲಿ ನೀರಿಗೆ ಎಂಥ ಹಾಹಾಕಾರವಿತ್ತೆಂದು ಇಲ್ಲಿದ್ದವರಿಗೆ ನೆನಪಿಸಬೇಕಾಗಿಲ್ಲ. ನಮ್ಮ ಕಟ್ಟಡದ ಬೋರ್‌ವೆಲ್ ಫೆಬ್ರುವರಿಯಲ್ಲಿ ಬತ್ತಿತು. ಮಾರ್ಚಿನಲ್ಲಿ ಜಲಮಂಡಳಿ, ಕುಡಿಯುವ ನೀರಿನಿಂದ ಕಾರು ತೊಳೆದರೆ, ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡವೆಂದು ಸಾರಿತು. ಅಕ್ಕಪಕ್ಕದವರು ಕೊಡ ಎಣಿಸುತ್ತಿರುವಾಗ ಮೀನಿಗೆಂದು ಮೂರು ಬಕೆಟ್ ಹಿಡಿದುಕೊಳ್ಳಲು ನನಗೆ ಮುಖವಿರಲಿಲ್ಲ. ಆವಿಯಾದಷ್ಟನ್ನು, ಇಪ್ಪತ್ತು ಲೀಟರಿನ ಕುಡಿಯುವ ನೀರಿನ ಕ್ಯಾನಿನ ತಳದಲ್ಲಿ ಉಳಿದದ್ದರಿಂದ ತುಂಬಿಸುತ್ತಿದ್ದೆ. ಅದು ಶುದ್ಧೀಕರಿಸಿದ ಮೆದು ನೀರು, ಕಾರ್ಬೊನೇಟು ಹೆಸರಿಗಷ್ಟೆ. ಒಳ್ಳೆಯ ನೀರು ಕೊಡುತ್ತಿದ್ದೇನೆಂಬ ಸಮಾಧಾನ ಬೇರೆ.

ತೊಟ್ಟಿ ಎಚ್ಚರಿಕೆ ಕೊಡದೆ ಇರಲಿಲ್ಲ. ಮಾರ್ಚ್ ಮೊದಲ ವಾರ ಎರಡು ಮಾಲಿ ಮೀನು ತಂದು ಬಿಟ್ಟಿದ್ದೆ, ಎರಡೇ ದಿನಕ್ಕೆ ಎರಡೂ ಸತ್ತವು. ಹಳೆಯವೆಲ್ಲ ಚೆನ್ನಾಗಿದ್ದು ಹೊಸವು ಮಾತ್ರ ಸತ್ತಿದ್ದರಿಂದ ಅಂಗಡಿಯವನು ರೋಗದ ಮೀನು ಕೊಟ್ಟನೆಂದು ತೀರ್ಮಾನಿಸಿ, ಅವನೊಂದಿಗೆ ಜಗಳವಾಡಿ ಬಂದೆ. ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಹುಳಿಯಾದ ನೀರಿಗೆ ಹಳೆಯ ಮೀನು ಒಗ್ಗಿಕೊಂಡಿತ್ತು, ಗಡಸು ನೀರಿನಲ್ಲಿ ಹುಟ್ಟಿ ಬೆಳೆದ ಮಾಲಿ ಒಂದು ಗಂಟೆಯಲ್ಲಿ ಒಗ್ಗಿಕೊಳ್ಳಬೇಕಿತ್ತು. ಹೊಸದು ಸತ್ತು ಹಳೆಯದು ಬದುಕುವ ತೊಟ್ಟಿಯಲ್ಲಿ ಮೊದಲು ಪಿಎಚ್ ನೋಡಬೇಕೆಂದು ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ. ಅಂಗಡಿಯವನಿಗೆ ಇನ್ನೂ ಹೇಳಿಲ್ಲ. ಆ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದೇನೆ.

ಅಂಥ ತೊಟ್ಟಿಯನ್ನು ಸರಿಪಡಿಸುವ ದಾರಿ ಬೇಸರ ಹಿಡಿಸುವಷ್ಟು ನಿಧಾನ. ಒಂದೇ ಸಲ ಐವತ್ತು ಲೀಟರ್ ಬದಲಿಸುವಂತಿಲ್ಲ, ದಿನಕ್ಕೆ ಹತ್ತು ಲೀಟರಿನಂತೆ ಬದಲಿಸಬೇಕು. ಸೇರಿಸುವ ನೀರಿನ ಪಿಎಚ್ ಅನ್ನು ತೊಟ್ಟಿಯದಕ್ಕೆ ಆದಷ್ಟು ಹೊಂದಿಸಬೇಕು, ಪ್ರತಿ ಸಲವೂ ಅಮೋನಿಯಾ ಅಳೆಯಬೇಕು. ಬೋರ್ ನೀರಾದರೆ ಹಿಂದಿನ ದಿನವೇ ಬಕೆಟಿನಲ್ಲಿ ಹಿಡಿದು, ಗಾಳಿ ಊದಿ, ಅದರ ನಿಜವಾದ ಪಿಎಚ್ ಎಷ್ಟಕ್ಕೆ ಬಂದು ನಿಲ್ಲುತ್ತದೆಂದು ನೋಡಿಕೊಳ್ಳಬೇಕು. ನಲ್ಲಿಯಿಂದ ಬಂದ ಕ್ಷಣದ ಅಳತೆಯನ್ನು ನಂಬುವಂತಿಲ್ಲ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಈಗ ವಾರಕ್ಕೊಮ್ಮೆ ಒಂದೇ ಒಂದು ಬಕೆಟ್ ಬದಲಿಸುತ್ತೇನೆ, ಕ್ಷಾರೀಯತೆಯನ್ನು ತಿಂಗಳಿಗೆರಡು ಸಲ ಅಳೆಯುತ್ತೇನೆ, ಫಿಲ್ಟರಿನಲ್ಲಿ ಕಾರ್ಬೊನೇಟಿಗೆಂದು ಒಂದು ಹಿಡಿ ಪುಡಿ ಮಾಡಿದ ಕಪ್ಪೆಚಿಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದೇನೆ. ಇಪ್ಪತ್ತಲ್ಲ, ಹತ್ತೇ ಮೀನು.

ಎರಡು ನಳಿಕೆಗಳ ಲೆಕ್ಕ ತಿಳಿದದ್ದು ಬುಧವಾರ ಸಂಜೆ. ಅಮ್ಮ ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಯಂತ್ರದ್ದೇನೂ ತಪ್ಪಿರಲಿಲ್ಲವೆಂದೂ, ನೀರು ಬದಲಿಸುವುದನ್ನು ಬಿಟ್ಟದ್ದೂ ಆಮೇಲೆ ಒಮ್ಮೆಲೇ ಬದಲಿಸಿದ್ದೂ ನಾನೇ ಎಂದೂ ಹೇಳಿದೆ. ಅವಳು ತಲೆ ಎತ್ತದೆ ಕೇಳಿಸಿಕೊಂಡಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಸೊಳ್ಳೆ ಕಚ್ಚಿದ ಗಂಧೆಗಳು ಎದ್ದಿದ್ದವು. ಸೋಮವಾರವೂ ಮಂಗಳವಾರವೂ ಯಂತ್ರವಿಲ್ಲದೆ ಮಲಗಿದ್ದಳು. ಗೂಡಿನಿಂದ ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಏನು ಹೇಳಬೇಕೆಂದು ತೋಚದೆ ನಿಂತೆ.

‘ಉಳಿದಿದ್ದೆಷ್ಟು?’ ಎಂದಳು.

‘ಐದು.’

‘ಆ ಬಕೇಟಿನ ನೀರು ಇನ್ನೂ ಬೇಕಾ ನಿಂಗೆ? ದಾಸವಾಳ ಬಾಡ್ತಾ ಇದೆ ನೋಡು, ನಾಲ್ಕು ದಿನದಿಂದ.’

ತಟ್ಟೆ ತೆಗೆದು, ಬಕೆಟನ್ನು ಎರಡೂ ಕೈಯಲ್ಲಿ ಎತ್ತಿ, ಗಿಡದ ಬುಡಕ್ಕೆ ಸುರಿದೆ.